1970ರ ಜನವರಿ 1, ಬೆಳಗಿನ ಜಾವ 5:30

ಅಮ್ಮನಿಗೆ ಯಾವ ಚೀಟಿಯನ್ನೂ ಎಸೆದು ಅಭ್ಯಾಸವಿಲ್ಲ. ಕಟ್ಟಿದ ಪ್ರತಿಯೊಂದು ಬಿಲ್ಲಿನ ರಸೀದಿಯನ್ನೂ ಕನ್ನಡಕ ಹಾಕಿಕೊಂಡು ಓದಿ, ನಾಲ್ಕಾಗಿ ಮಡಚಿ, ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಇಡುತ್ತಾಳೆ. ಒಂದು ದಿನ ಫೋನ್ ಮಾಡಿ, "ಈ ರಸೀದಿಯಲ್ಲಿ ದುಡ್ಡು ಕಟ್ಟಿದ ದಿನ ಒಂದನೇ ಜನವರಿ ಎಪ್ಪತ್ತು, ಬೆಳಿಗ್ಗೆ ಐದೂವರೆ ಅಂತ ಇದೆಯಲ್ಲೋ. ಆಗ ನನಗೆ ಮದುವೆಯೇ ಆಗಿರಲಿಲ್ಲ. ಈ ಮನೆಯ ಬಿಲ್ಲನ್ನು ನಾನು ಹೇಗೆ ಕಟ್ಟಿದೆ?" ಎಂದು ಕೇಳಿದಳು. ನಾನು ನಕ್ಕೆ. ಆಕೆ ನಗಲಿಲ್ಲ, ಹಣ ಸಂದಾಯವಾಗಿದೆಯೇ ಇಲ್ಲವೇ ಎಂಬುದಷ್ಟೇ ಆಕೆಗೆ ಬೇಕಿತ್ತು.

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸಾಫ್ಟ್‌ವೇರ್ ಬರೆದೇ ಬದುಕಿದವನಿಗೆ ಆ ದಿನಾಂಕ ಹಳೆಯ ಪರಿಚಯ. ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ನಮಗೆ ಕಾಣುವ ದಿನ, ತಿಂಗಳು, ವರ್ಷಗಳು ಅದರ ಹೊಟ್ಟೆಯೊಳಗೆ ಹಾಗೆ ಇರುವುದಿಲ್ಲ. ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ವಂಶದಲ್ಲಿ ಹುಟ್ಟಿದ ಯಂತ್ರಗಳಲ್ಲಿ, ಎಂದರೆ ನಮ್ಮ ಕಿಸೆಯ ಆಂಡ್ರಾಯ್ಡ್ ಫೋನಿನಿಂದ ಹಿಡಿದು ಜಗತ್ತಿನ ಬಹುಪಾಲು ಸರ್ವರ್‌ಗಳವರೆಗೆ, ಅಲ್ಲಿರುವುದು ಒಂದೇ ಒಂದು ಸಂಖ್ಯೆ: ಗ್ರೀನಿಚ್ ಕಾಲಮಾನದ ಪ್ರಕಾರ 1970ರ ಜನವರಿ 1 ಹುಟ್ಟಿದ ಮಧ್ಯರಾತ್ರಿಯಿಂದ ಈವರೆಗೆ ಕಳೆದುಹೋದ ಸೆಕೆಂಡುಗಳ ಎಣಿಕೆ. ದಿನಾಂಕವನ್ನು ತುಂಬಬೇಕಾದ ಪ್ರೋಗ್ರಾಮು ತುಂಬುವುದನ್ನು ಮರೆತರೆ ಆ ಜಾಗದಲ್ಲಿ ಸೊನ್ನೆ ಉಳಿಯುತ್ತದೆ. ಆ ಸೊನ್ನೆಯನ್ನೇ ಇನ್ನೊಂದು ಪ್ರೋಗ್ರಾಮು ಶ್ರದ್ಧೆಯಿಂದ ದಿನಾಂಕವೆಂದು ಓದಿ ಅಚ್ಚು ಹಾಕುತ್ತದೆ. ಗ್ರೀನಿಚ್‌ನಲ್ಲಿ ನಡುರಾತ್ರಿಯಾದಾಗ ನಮ್ಮಲ್ಲಿ ಬೆಳಗಿನ ಐದೂವರೆ. ಇದೇ ತಪ್ಪು ನ್ಯೂಯಾರ್ಕಿನಲ್ಲಿ ನಡೆದಿದ್ದರೆ ರಸೀದಿಯಲ್ಲಿ 1969ರ ಡಿಸೆಂಬರ್ 31ರ ಸಂಜೆ ಏಳು ಗಂಟೆ ಎಂದಿರುತ್ತಿತ್ತು.

ಅಮ್ಮನಿಗೆ ಇದನ್ನು ವಿವರಿಸಲು ನನಗೆ ಒದಗಿಬಂದದ್ದು ಅಪ್ಪನ ಹುಟ್ಟಿದ ದಿನ. ಶಾಲೆಯ ದಾಖಲೆಯಂತೆ ಅಪ್ಪ ಹುಟ್ಟಿದ್ದು ಜೂನ್ 1ರಂದು. ಅವರ ತರಗತಿಯ ಅರ್ಧಕ್ಕರ್ಧ ಹುಡುಗರು ಹುಟ್ಟಿದ್ದೂ ಅದೇ ದಿನ. ಮಗುವನ್ನು ಶಾಲೆಗೆ ಸೇರಿಸಲು ಬಂದ ಹಿರಿಯರು "ಆ ವರ್ಷ ಕೆರೆ ಕೋಡಿ ಬಿದ್ದಿತ್ತು ಮೇಷ್ಟ್ರೇ" ಎಂದಷ್ಟೇ ಹೇಳಿದರೆ, ಹೆಡ್‌ಮಾಸ್ತರರು ಖಾಲಿ ಬಿಡಲಾಗದ ಕಾಲಮ್ಮಿನಲ್ಲಿ ಶಾಲೆ ತೆರೆಯುವ ದಿನವನ್ನೇ ಬರೆದುಬಿಡುತ್ತಿದ್ದರು. ಗೊತ್ತಿಲ್ಲ ಎಂಬುದನ್ನು ಬರೆಯಲು ಆ ರಿಜಿಸ್ಟರಿನಲ್ಲಿ ಜಾಗವಿರಲಿಲ್ಲ. ಕಂಪ್ಯೂಟರಿನ ಜೂನ್ 1 ಎಂದರೆ 1970ರ ಜನವರಿ 1. ಅಮ್ಮನಿಗೆ ತಕ್ಷಣ ಅರ್ಥವಾಯಿತು.

ಆದರೆ ಆ ಸೊನ್ನೆ 1970ರಲ್ಲೇ ಏಕೆ ನಿಂತಿತು ಎಂಬ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಆ ದಿನ ಜಗತ್ತಿನಲ್ಲಿ ಕಂಪ್ಯೂಟರಿಗೆ ಸಂಬಂಧಿಸಿದ ಯಾವ ಮಹತ್ವದ ಘಟನೆಯೂ ನಡೆಯಲಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸನ್ನು ಕಟ್ಟುತ್ತಿದ್ದ ಕಾಲದಲ್ಲಿ, 1971ರ ನವೆಂಬರ್ 3ರ ದಿನಾಂಕ ಹೊತ್ತು ಬಂದ ಅದರ ಮೊದಲ ಕೈಪಿಡಿಯಲ್ಲಿ, ಕಾಲವನ್ನು 1971ರ ಜನವರಿ 1ರಿಂದ ಎಣಿಸಲಾಗುತ್ತಿತ್ತು; ಎಣಿಕೆಯ ಮೂಲಮಾನವೂ ಸೆಕೆಂಡಾಗಿರದೆ ಸೆಕೆಂಡಿನ ಅರವತ್ತನೇ ಒಂದು ಭಾಗವಾಗಿತ್ತು. ಈ ಅರವತ್ತು ಬಂದದ್ದು ಗೋಡೆಯ ಪ್ಲಗ್ಗಿನಿಂದ. ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಬಾರಿ ಆವರ್ತಿಸುತ್ತದೆ, ಆ ಕಾಲದ ಯಂತ್ರಗಳ ಗಡಿಯಾರ ಆ ಆವರ್ತನವನ್ನೇ ಎಣಿಸಿಕೊಂಡು ನಡೆಯುತ್ತಿತ್ತು. ಯೂನಿಕ್ಸ್ ನಮ್ಮಲ್ಲಿ ಹುಟ್ಟಿದ್ದರೆ ಆ ಸಂಖ್ಯೆ 50 ಆಗಿರುತ್ತಿತ್ತು. ಮೈಸೂರಿನ ಬೇಸಗೆಯಲ್ಲಿ ಕರೆಂಟು ಹೋದಾಗಲೆಲ್ಲ ಕಾಲವೂ ನಿಲ್ಲುತ್ತಿತ್ತು.

ಆ ಎಣಿಕೆಯನ್ನು ಇಟ್ಟುಕೊಂಡಿದ್ದ ಪಾತ್ರೆ 32 ಬಿಟ್‌ಗಳದ್ದು. ಬಿಟ್ ಎಂದರೆ ಸೊನ್ನೆ ಅಥವಾ ಒಂದನ್ನು ಹಿಡಿಯಬಲ್ಲ ಮನೆ. ಅಂಥ 32 ಮನೆಗಳಲ್ಲಿ ಸುಮಾರು 429 ಕೋಟಿಯವರೆಗೆ ಎಣಿಸಬಹುದು. ಕೇಳಲು ದೊಡ್ಡದು. ಆದರೆ ಸೆಕೆಂಡಿಗೆ ಅರವತ್ತರಂತೆ ಸುರಿದರೆ ಆ ಪಾತ್ರೆ 829 ದಿನಕ್ಕೆ, ಎಂದರೆ ಎರಡು ವರ್ಷ ಮೂರು ತಿಂಗಳಿಗೆ, ತುಂಬಿ ಹರಿಯುತ್ತದೆ. ಹೀಗಾಗಿ ಅವರು ಮೂಲದಿನವನ್ನು ಮುಂದೂಡುತ್ತಾ ಹೋದರು. ಕೊನೆಗೆ ಅದು ಬೇಸರವೆನಿಸಿ, ಅರವತ್ತನೇ ಭಾಗದ ಲೆಕ್ಕವನ್ನೇ ಬಿಟ್ಟು ಪೂರ್ಣ ಸೆಕೆಂಡಿಗೆ ಇಳಿದು, ದುಂಡಗಿನ ಸಂಖ್ಯೆಯೆಂದು 1970ನ್ನು ಆರಿಸಿಕೊಂಡರು. 32 ಮನೆಗಳಲ್ಲಿ ಒಂದು ಧನ ಋಣದ ಗುರುತಿಗೆ ಹೋಯಿತು, ಅದರಿಂದ 1970ಕ್ಕಿಂತ ಹಿಂದಿನ ದಿನಾಂಕವನ್ನೂ ಬರೆಯಬಹುದಾಯಿತು. ಉಳಿದ 31ರಲ್ಲಿ 68 ವರ್ಷ, ಎಂದರೆ 2038ರವರೆಗೆ, ಹಿಡಿಸುತ್ತದೆ. ಒಂದೇ ಕೊಠಡಿಯಲ್ಲಿ ಕೆಲವೇ ಜನ ಬಳಸುತ್ತಿದ್ದ ವ್ಯವಸ್ಥೆಗೆ 68 ವರ್ಷ ಎನ್ನುವುದು ಅತಿಯಾದ ಧಾರಾಳ ಎಂದೇ ಅನ್ನಿಸಿರಬೇಕು. ಅವರನ್ನು ದೂರುವ ಮನಸ್ಸು ನನಗೆ ಎಂದೂ ಬಂದಿಲ್ಲ.

ಪಾತ್ರೆಯ ಗಾತ್ರ ಮತ್ತು ಎಣಿಕೆಯ ಮೊದಲು, ಇವೆರಡನ್ನು ಯಾರೋ ಒಬ್ಬರು ಒಂದು ಮಧ್ಯಾಹ್ನ ಕೂತು ತೀರ್ಮಾನಿಸುತ್ತಾರೆ. ಆ ತೀರ್ಮಾನದೊಳಗೆ ತಮ್ಮ ಕೆಲಸ ಎಷ್ಟು ಕಾಲ ಬದುಕಿರುತ್ತದೆ ಎಂಬ ಅವರ ಅಂದಾಜೂ ಅಡಗಿರುತ್ತದೆ. ಕಂಪ್ಯೂಟರ್ ಕಾಲದ ಮೈಲಿಗಲ್ಲುಗಳೆಂದು ನಾವು ಎಣಿಸುವ ದಿನಗಳೆಲ್ಲ ನನಗೆ ಕಾಣುವುದು ಹಾಗೆ: ಆ ಅಂದಾಜು ಬಯಲಿಗೆ ಬಂದ ದಿನಗಳು. ಅಂದಾಜು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ, ಬರೆದವರ ವಿನಯವೂ ಅದಕ್ಕೆ ಅಷ್ಟಿಷ್ಟು ಕಾರಣ.

ಇದು ಯಂತ್ರಗಳಿಗೆ ಹೊಸದಾಗಿ ಅಂಟಿದ ಜಾಡ್ಯವೇನೂ ಅಲ್ಲ. ನಮ್ಮ ಜ್ಯೋತಿಷಿಗಳು ಅಹರ್ಗಣ ಎಂದು ಕರೆಯುವುದು ಇದೇ ಎಣಿಕೆಯನ್ನು. ಕಲಿಯುಗದ ಆರಂಭದಿಂದ, ಎಂದರೆ ಕ್ರಿಸ್ತಪೂರ್ವ 3102ರ ಫೆಬ್ರವರಿ 18ರಿಂದ, ಕಳೆದ ದಿನಗಳ ಸಂಖ್ಯೆ ಅದು. ಗ್ರಹಗಳ ಸ್ಥಾನವನ್ನು ಲೆಕ್ಕ ಹಾಕುವವನು ತಿಂಗಳು ತಿಥಿಗಳನ್ನೆಲ್ಲ ಬದಿಗಿಟ್ಟು ಮೊದಲು ಈ ಒಂದು ಸಂಖ್ಯೆಯನ್ನು ಹಿಡಿಯುತ್ತಿದ್ದ. ಯೂನಿಕ್ಸಿನ ಸೊನ್ನೆ ಬಿದ್ದ ದಿನಕ್ಕೆ ಕಲಿ ಅಹರ್ಗಣ 18,52,122. ಇಷ್ಟು ದೊಡ್ಡ ಸಂಖ್ಯೆಯನ್ನು ಕೈಯಲ್ಲಿ ಗುಣಿಸಿ ಭಾಗಿಸುವುದು ಕಷ್ಟವೆಂದೇ ಕರಣಗ್ರಂಥಗಳನ್ನು, ಎಂದರೆ ಗ್ರಹಗಣಿತದ ಕೈಪಿಡಿಗಳನ್ನು, ಬರೆದವರು ತಮ್ಮ ಕಾಲಕ್ಕೆ ಹತ್ತಿರದ ಒಂದು ಮೂಲದಿನವನ್ನು ಆರಿಸಿಕೊಳ್ಳುತ್ತಿದ್ದರು. ಗಣೇಶ ದೈವಜ್ಞನ ಗ್ರಹಲಾಘವ ಶಕ 1442ರಿಂದ, ಎಂದರೆ 1520ರಿಂದ, ಎಣಿಸತೊಡಗುತ್ತದೆ. ಅಷ್ಟಕ್ಕೂ ತೃಪ್ತನಾಗದ ಆತ 4016 ದಿನಗಳ, ಸುಮಾರು ಹನ್ನೊಂದು ವರ್ಷಗಳ, ಒಂದು ಚಕ್ರವನ್ನು ಮಾಡಿ, ಚಕ್ರ ತುಂಬಿದೊಡನೆ ದಿನದ ಎಣಿಕೆಯನ್ನು ಮತ್ತೆ ಸೊನ್ನೆಯಿಂದ ಶುರುಮಾಡಿ, ಎಷ್ಟು ಚಕ್ರ ಮುಗಿದವು ಎಂಬುದನ್ನು ಬೇರೆಯಾಗಿ ಇಟ್ಟುಕೊಂಡ. ಪಾತ್ರೆ ಚಿಕ್ಕದು ಎಂಬುದನ್ನು ಮೊದಲೇ ಒಪ್ಪಿಕೊಂಡು ಅದಕ್ಕೆ ತಕ್ಕ ವ್ಯವಸ್ಥೆ ಮಾಡಿಕೊಂಡ ಜಾಣತನ ಅದು. ನಾನು ನೋಡಿದ ಅನೇಕ ಪ್ರೋಗ್ರಾಮರುಗಳಿಗೆ, ನನ್ನನ್ನೂ ಸೇರಿಸಿ, ಅಷ್ಟು ಮುನ್ನೋಟ ಇರಲಿಲ್ಲ.

ಚಕ್ರದ ಸಂಖ್ಯೆಯನ್ನು ಬರೆದಿಡದಿದ್ದರೆ ಏನಾಗುತ್ತದೆ ಎಂಬುದನ್ನು ಶಾಸನ ಓದುವವರನ್ನು ಕೇಳಬೇಕು. ಪ್ರಭವ, ವಿಭವ ಎಂದು ಹೊರಡುವ ಸಂವತ್ಸರಗಳು ಅರವತ್ತು. ಕಲ್ಲಿನ ಮೇಲೆ ಸಂವತ್ಸರದ ಹೆಸರೊಂದನ್ನೇ ಕೆತ್ತಿಸಿ ಶಕವರ್ಷವನ್ನು ಬಿಟ್ಟಿದ್ದರೆ, ಅದು ಈ ಅರವತ್ತರದ್ದೋ ಹಿಂದಿನ ಅರವತ್ತರದ್ದೋ ಎಂಬುದನ್ನು ಅರಸನ ಹೆಸರು, ಲಿಪಿಯ ಧಾಟಿ, ವಾರ ತಿಥಿಗಳ ಹೊಂದಾಣಿಕೆ ಇವುಗಳಿಂದ ಊಹಿಸಬೇಕಾಗುತ್ತದೆ. ಐಹೊಳೆಯ ಮೇಗುತಿ ಗುಡಿಯ ಶಾಸನದಲ್ಲಿ ಚಾಲುಕ್ಯ ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿ ಅಂಥ ಸಂದೇಹಕ್ಕೆ ಎಡೆಗೊಡದೆ ಭಾರತಯುದ್ಧದಿಂದ 3735 ವರ್ಷ, ಶಕದಿಂದ 556 ವರ್ಷ ಎಂದು ಎರಡು ಲೆಕ್ಕಗಳನ್ನೂ ಕೊಟ್ಟ. ಅದೇ ಚಾಲುಕ್ಯರ ಹೆಸರಿನ ಕಲ್ಯಾಣದ ಅರಸ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಶಕವನ್ನೇ ತಳ್ಳಿಹಾಕಿ ತನ್ನ ಪಟ್ಟಾಭಿಷೇಕದಿಂದ ಚಾಲುಕ್ಯ ವಿಕ್ರಮ ವರ್ಷವನ್ನು ಎಣಿಸತೊಡಗಿದ. ಮೂಲದಿನವನ್ನು ಬದಲಿಸುವ ಹಕ್ಕು ಆಗ ಅರಸರದಾಗಿತ್ತು, ಈಗ ಯಂತ್ರ ಮಾಡುವ ಕಂಪೆನಿಗಳದಾಗಿದೆ: ವಿಂಡೋಸ್ 1601ರಿಂದ ಎಣಿಸುತ್ತದೆ, ಹಳೆಯ ಮ್ಯಾಕಿಂಟಾಷ್ 1904ರಿಂದ ಎಣಿಸುತ್ತಿತ್ತು, ಎಕ್ಸೆಲ್ 1900ರಿಂದ. ಎಕ್ಸೆಲ್ ಇಂದಿಗೂ 1900ರಲ್ಲಿ ಫೆಬ್ರವರಿ 29 ಇತ್ತೆಂದು ನಂಬಿದೆ. ಅದು ಇರಲಿಲ್ಲ. ತನಗಿಂತ ಮೊದಲಿದ್ದ ಲೋಟಸ್ 1-2-3 ಎಂಬ ಲೆಕ್ಕದ ತಂತ್ರಾಂಶದ ತಪ್ಪಿಗೆ ಹೊಂದಿಕೊಳ್ಳಲೆಂದು ಆ ಇಲ್ಲದ ದಿನವನ್ನು ಅದು ತಿಳಿದೂ ತಿಳಿದೂ ಉಳಿಸಿಕೊಂಡಿತು.

ಅಪ್ಪ ವ್ಯಯ ಸಂವತ್ಸರದಲ್ಲಿ ಹುಟ್ಟಿದವರು. 2006ರಲ್ಲಿ ವ್ಯಯ ಮರಳಿ ಬಂದಾಗ ಷಷ್ಟ್ಯಬ್ದಿ ಮಾಡಿದೆವು. ಅರವತ್ತರ ಎಣಿಕೆ ಸುತ್ತಿ ಮತ್ತೆ ಮೊದಲಿಗೆ ಬಂದುದಕ್ಕೆ ಹೋಮ ಮಾಡಿಸಿ ಹೋಳಿಗೆ ಹಾಕಿಸುವ ಜನ ನಾವು. 1999 ಮುಗಿದು 2000 ಬಂದಾಗ ವರ್ಷದ ಎರಡಂಕಿಯ ಎಣಿಕೆ ಸುತ್ತಿ ಸೊನ್ನೆಗೆ ಬರುತ್ತದೆಂದು ಜಗತ್ತು ಬೆಚ್ಚಿದ ದಿನಗಳಲ್ಲಿ ನನ್ನಂಥ ಸಾವಿರಾರು ಹುಡುಗರಿಗೆ ಬೆಂಗಳೂರಿನಲ್ಲಿ ಅನ್ನದ ದಾರಿ ತೆರೆದದ್ದೂ ಹೀಗೆಯೇ. ವರ್ಷವನ್ನು 1967 ಎಂದು ಬರೆಯದೆ 67 ಎಂದು ಬರೆದದ್ದರಲ್ಲಿ ಆ ಕಾಲಕ್ಕೆ ತಪ್ಪೇನೂ ಇರಲಿಲ್ಲ: ರಂಧ್ರ ಹೊಡೆದ ಕಾರ್ಡಿನ ಮೇಲೆ ಎಂಬತ್ತೇ ಅಂಕಣಗಳಿದ್ದಾಗ, ಸ್ಮರಣೆಯ ಪ್ರತಿಯೊಂದು ಅಕ್ಷರಕ್ಕೂ ದುಡ್ಡು ತೆರಬೇಕಾಗಿದ್ದಾಗ, 19ನ್ನು ಮತ್ತೆ ಮತ್ತೆ ಬರೆಯುವುದು ದುಂದು ಎನಿಸಿತ್ತು. ಕೋಬಾಲ್ ಎಂಬ ಭಾಷೆಯಲ್ಲಿ ಬರೆದ ಆ ಪ್ರೋಗ್ರಾಮುಗಳು ಮೂವತ್ತು ವರ್ಷ ಬದುಕುತ್ತವೆಂದು ಬರೆದವರಿಗೆ ತಿಳಿದಿರಲಿಲ್ಲ.

ನಾನು ಕಾಲೇಜು ಮುಗಿಸುವ ಹೊತ್ತಿಗೆ ಆ ಹಬ್ಬ ಮುಗಿಯುತ್ತಾ ಬಂದಿತ್ತು. ಆದರೆ ಮೊದಲ ಕೆಲಸದಲ್ಲಿ ಅದರ ಎಂಜಲೆಲೆಗಳನ್ನು ತೆಗೆದವನು ನಾನು. ಆಗ ತಿಳಿದದ್ದೆಂದರೆ, ವೈಟುಕೆ ಎಂದು ಹೆಸರಾದ ಆ ಸಮಸ್ಯೆಯನ್ನು ಎಲ್ಲ ಕಡೆಯೂ ಬೇರುಸಹಿತ ಕಿತ್ತಿರಲಿಲ್ಲ. ನಾಲ್ಕಂಕಿಗೆ ವಿಸ್ತರಿಸಲು ಸಮಯವಾಗಲಿ ಹಣವಾಗಲಿ ಇಲ್ಲದ ಕಡೆ ಒಂದು ಗೆರೆ ಎಳೆದು, ಇದಕ್ಕಿಂತ ಹೆಚ್ಚಿನ ಅಂಕಿಯಾದರೆ ಹಿಂದಿನ ಶತಮಾನ, ಕಡಿಮೆಯಾದರೆ ಈ ಶತಮಾನ ಎಂದು ವಿಧಿಸಿ ಮುಂದೆ ಸಾಗಿದ್ದರು. ಯೂನಿಕ್ಸಿನ ಮಾನಕದಲ್ಲೇ ಅಂಥ ಗೆರೆಯಿದೆ: 69ರಿಂದ 99ರವರೆಗೆ ಇಪ್ಪತ್ತನೆಯ ಶತಮಾನ, 00ಯಿಂದ 68ರವರೆಗೆ ಇಪ್ಪತ್ತೊಂದನೆಯದು. 1965ರಲ್ಲಿ ಹುಟ್ಟಿದವರು ತಮ್ಮ ವರ್ಷವನ್ನು ಎರಡಂಕಿಯಲ್ಲಿ ಬರೆದರೆ ಅವರು ಹುಟ್ಟುವುದು ಇನ್ನೂ 2065ರಲ್ಲಿ. ಗೆರೆಯನ್ನು ಮುಂದೆ ತಳ್ಳಿದ್ದು ಪರಿಹಾರವೇ ಎಂದು ಕೇಳಿದರೆ, ಗಡುವು ಹತ್ತಿರವಿದ್ದವರಿಗೆ ಅದು ಪರಿಹಾರವೇ ಆಗಿತ್ತು ಎನ್ನಬೇಕು.

2000 ಬಂದು ಇಪ್ಪತ್ತು ತಿಂಗಳಿಗೆ ಬಂದ ಇನ್ನೊಂದು ಮೈಲಿಗಲ್ಲನ್ನು ಪತ್ರಿಕೆಗಳು ಅಷ್ಟಾಗಿ ಗಮನಿಸಲಿಲ್ಲ. 2001ರ ಸೆಪ್ಟೆಂಬರ್ 9ರ ಭಾನುವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 7 ಗಂಟೆ 16 ನಿಮಿಷ 40 ಸೆಕೆಂಡಿಗೆ, ಯೂನಿಕ್ಸಿನ ಎಣಿಕೆ ನೂರು ಕೋಟಿ ಮುಟ್ಟಿತು. ಒಂಬತ್ತು ಅಂಕಿಗಳಿದ್ದ ಸಂಖ್ಯೆ ಹತ್ತು ಅಂಕಿಗಳದ್ದಾಯಿತು, ಅಷ್ಟೇ. ಪಾತ್ರೆಗೆ ಅದರಿಂದ ಏನೂ ಆಗಲಿಲ್ಲ. ಆದರೆ ಕೆಲವು ಪ್ರೋಗ್ರಾಮುಗಳು ಆ ಸಂಖ್ಯೆಯನ್ನು ಸಂಖ್ಯೆಯಾಗಿ ಇಟ್ಟುಕೊಳ್ಳದೆ ಅಕ್ಷರಗಳ ಸಾಲಾಗಿ ಇಟ್ಟುಕೊಂಡಿದ್ದವು. ಅಕಾರಾದಿ ಕ್ರಮದಲ್ಲಿ 1ರಿಂದ ಶುರುವಾಗುವುದು 9ರಿಂದ ಶುರುವಾಗುವುದಕ್ಕಿಂತ ಮೊದಲು ಬರುತ್ತದೆ. ಹೀಗಾಗಿ ಯೂನಿಕ್ಸ್ ಮಾದರಿಯ ಲಿನಕ್ಸ್ ವ್ಯವಸ್ಥೆಯ ಬಳಕೆದಾರರಲ್ಲಿ ಜನಪ್ರಿಯವಾಗಿದ್ದ ಕೆ-ಮೇಲ್‌ನಂಥ ಇಮೇಲ್ ತಂತ್ರಾಂಶಗಳಲ್ಲಿ ಅಂದು ಬಂದ ಪತ್ರಗಳು ಹಿಂದಿನ ದಿನದ ಪತ್ರಗಳಿಗಿಂತ ಹಳೆಯವೆಂಬಂತೆ ಜೋಡಣೆಯಾದವು.

ಇದಕ್ಕಿಂತ ನನಗೆ ಪ್ರಿಯವಾದದ್ದು 2006ರ ಮೇ ತಿಂಗಳ ಕಥೆ. ಎಒಎಲ್‌ಸರ್ವರ್ ಎಂಬ ವೆಬ್ ಸರ್ವರಿನಲ್ಲಿ ಒಂದು ಕೋರಿಕೆಗೆ ಎಷ್ಟು ಹೊತ್ತು ಕಾಯಬೇಕು ಎಂದು ಸೂಚಿಸುವ ಮಿತಿಯೊಂದಿತ್ತು. ಎಂದೆಂದಿಗೂ ಕಾಯಿರಿ ಎಂಬುದನ್ನು ಸೂಚಿಸಲು ಅದಕ್ಕೆ ನೂರು ಕೋಟಿ ಸೆಕೆಂಡು ಎಂದು ಬರೆಯುವ ರೂಢಿಯಿತ್ತು. ನೂರು ಕೋಟಿ ಸೆಕೆಂಡು ಎಂದರೆ ಹತ್ತಿರ ಹತ್ತಿರ 32 ವರ್ಷ. ಮೇ 13ರ ಒಂದು ಕ್ಷಣದಲ್ಲಿ, ಅಂದಿನ ಎಣಿಕೆಗೆ ಆ ನೂರು ಕೋಟಿಯನ್ನು ಕೂಡಿದಾಗ ಮೊತ್ತ 2038ರ ಅಂಚನ್ನು ದಾಟಿ ಋಣಸಂಖ್ಯೆಯಾಯಿತು. ಗಡುವು ಭೂತಕಾಲಕ್ಕೆ ಬಿತ್ತು. ಎಂದೆಂದಿಗೂ ಕಾಯಬೇಕಾಗಿದ್ದ ಸರ್ವರು ಗಡುವು ಮೀರಿತೆಂದು ಕೋರಿಕೆಗಳನ್ನು ಬಿದ್ದ ಕ್ಷಣಕ್ಕೇ ತಳ್ಳಿಹಾಕತೊಡಗಿತು. 2038ರ ಸಮಸ್ಯೆ 2038ಕ್ಕೇ ಬರುತ್ತದೆ ಎಂದು ತಿಳಿದವರಿಗೆ ಅಂದು ಪಾಠವಾಯಿತು. ಮುಂದಿನ ಇಪ್ಪತ್ತು ವರ್ಷಗಳ ಕಂತನ್ನು ಇಂದೇ ಲೆಕ್ಕಹಾಕುವ ಗೃಹಸಾಲದ ಪ್ರೋಗ್ರಾಮು ಆ ಅಂಚನ್ನು ಮುಟ್ಟಿದ್ದು 2018ರಲ್ಲೇ.

ಎಣಿಕೆ ತುಂಬಿ ಹರಿಯುವುದು ಒಂದು ಬಗೆಯ ಕೇಡು. ಪ್ರತಿ ಎಣಿಕೆಯಲ್ಲೂ ಕಾಣದಷ್ಟು ಚೂರು ಸೋರಿಹೋಗುವುದು ಇನ್ನೊಂದು ಬಗೆ. ಎರಡನೆಯದರ ನೆನಪಾದರೆ ತಮಾಷೆಯ ಮಾತು ನಿಲ್ಲುತ್ತದೆ. ಕೊಲ್ಲಿ ಯುದ್ಧದ ಕಾಲದಲ್ಲಿ, 1991ರ ಫೆಬ್ರವರಿ 25ರಂದು, ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಇರಾಕಿನ ಸ್ಕಡ್ ಕ್ಷಿಪಣಿಯೊಂದು ಅಮೆರಿಕದ ಸೈನಿಕರ ವಸತಿಯ ಮೇಲೆ ಬಿದ್ದು 28 ಜನ ಸತ್ತರು. ಅದನ್ನು ತಡೆಯಬೇಕಾಗಿದ್ದ ಪೇಟ್ರಿಯಟ್ ವ್ಯವಸ್ಥೆಯಿಂದ ಕ್ಷಿಪಣಿ ಹಾರಲೇ ಇಲ್ಲ. ಅದರ ಕಂಪ್ಯೂಟರು ಕಾಲವನ್ನು ಸೆಕೆಂಡಿನ ಹತ್ತನೇ ಭಾಗಗಳಲ್ಲಿ ಎಣಿಸುತ್ತಿತ್ತು, ಆಮೇಲೆ ಆ ಎಣಿಕೆಯನ್ನು ಹತ್ತನೇ ಒಂದರಿಂದ ಗುಣಿಸಿ ಸೆಕೆಂಡಿಗೆ ತಿರುಗಿಸಿಕೊಳ್ಳುತ್ತಿತ್ತು. ಮೂರನೇ ಒಂದು ಭಾಗವನ್ನು ನಾವು ದಶಮಾಂಶದಲ್ಲಿ ಬರೆಯಹೊರಟರೆ 0.333 ಎಂದು ಮುಗಿಯದೆ ಹೋಗುವಂತೆ, ಹತ್ತನೇ ಒಂದು ಭಾಗವನ್ನು ಸೊನ್ನೆ ಒಂದುಗಳಲ್ಲಿ ಬರೆಯಹೊರಟರೂ ಅದು ಮುಗಿಯುವುದಿಲ್ಲ. 24 ಬಿಟ್‌ಗಳ ಪಾತ್ರೆಯಲ್ಲಿ ಹಿಡಿಸಿದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿದ್ದರು. ಕತ್ತರಿಸಿದ ಚೂರು ಸುಮಾರು ಕೋಟಿಯಲ್ಲಿ ಒಂದು ಪಾಲು.

ಅಂದು ಆ ಯಂತ್ರ ನೂರು ಗಂಟೆಗೂ ಹೆಚ್ಚು ಕಾಲ ಆರಿಸದೆ ಓಡಿತ್ತು. ನೂರು ಗಂಟೆಯಲ್ಲಿ 36 ಲಕ್ಷ ಹತ್ತನೇ ಭಾಗಗಳಿವೆ. ಚೂರುಗಳು ಕೂಡಿ 0.34 ಸೆಕೆಂಡಾದವು. ಅಷ್ಟು ಹೊತ್ತಿನಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ರಾಡಾರು ಆಕಾಶದ ಬೇರೊಂದು ಜಾಗದಲ್ಲಿ ಹುಡುಕಿ, ಅಲ್ಲಿ ಏನೂ ಕಾಣದೆ, ಬಂದದ್ದು ಭ್ರಮೆಯೆಂದು ಬಿಟ್ಟುಬಿಟ್ಟಿತು. ಈ ದೋಷ ಮೊದಲೇ ಗೊತ್ತಿತ್ತು. ಎಂಟು ಗಂಟೆ ಓಡಿದ ಮೇಲೆ ಗುರಿ ಸರಿಯುತ್ತದೆಂದು ಇಸ್ರೇಲಿನವರು ಎರಡು ವಾರ ಮುಂಚೆಯೇ ತಿಳಿಸಿದ್ದರು. ಬಹಳ ಹೊತ್ತು ನಿಲ್ಲಿಸದೆ ಓಡಿಸಿದರೆ ತೊಂದರೆಯಾಗಬಹುದೆಂದು ಪಡೆಗಳಿಗೆ ಸಂದೇಶವೂ ಹೋಗಿತ್ತು. ಆದರೆ ಬಹಳ ಹೊತ್ತು ಎಂದರೆ ಎಷ್ಟು ಗಂಟೆ ಎಂಬುದನ್ನು ಆ ಸಂದೇಶ ಹೇಳಿರಲಿಲ್ಲ. ತಿದ್ದಿದ ತಂತ್ರಾಂಶ ದಹ್ರಾನ್ ತಲುಪಿದ್ದು ಫೆಬ್ರವರಿ 26ರಂದು. ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿದ್ದರೆ ಎಣಿಕೆ ಸೊನ್ನೆಗೆ ಬಂದು ತಪ್ಪೂ ಸೊನ್ನೆಯಾಗುತ್ತಿತ್ತು. ಕಂಪ್ಯೂಟರ್ ಸಿಕ್ಕಿಕೊಂಡರೆ ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂದು ನಾವು ನಗೆಯಾಡುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಎಣಿಕೆಯನ್ನು ಆಗಾಗ ಸೊನ್ನೆಗೆ ತರುವುದನ್ನೇ ಪರಿಹಾರವಾಗಿ ವಿಧಿಸಿದ್ದೂ ಉಂಟು. ಬೋಯಿಂಗ್ 787 ವಿಮಾನದ ವಿದ್ಯುತ್ ಜನರೇಟರುಗಳ ನಿಯಂತ್ರಕದಲ್ಲಿ, 248 ದಿನ ಸತತವಾಗಿ ವಿದ್ಯುತ್ ಇದ್ದರೆ ಒಳಗಿನ ಎಣಿಕೆ ತುಂಬಿ ಜನರೇಟರುಗಳೇ ನಿಂತುಹೋಗಬಹುದೆಂದು ಗೊತ್ತಾದಾಗ, ಅಮೆರಿಕದ ವಿಮಾನಯಾನ ಆಡಳಿತ 2015ರಲ್ಲಿ ಕಾಲಕಾಲಕ್ಕೆ ವಿದ್ಯುತ್ತನ್ನು ಆರಿಸಬೇಕೆಂದು ಆದೇಶಿಸಿತು. ಸೆಕೆಂಡಿನ ನೂರನೇ ಭಾಗಗಳನ್ನು 31 ಬಿಟ್‌ಗಳಲ್ಲಿ ಎಣಿಸಿದರೆ ಬರುವುದು ಸರಿಯಾಗಿ 248 ದಿನ. ಆದೇಶವನ್ನು ಓದಿದ ಪ್ರೋಗ್ರಾಮರುಗಳೆಲ್ಲ ಬೆರಳು ಮಡಚಿ ಲೆಕ್ಕಹಾಕಿ ತಲೆದೂಗಿದರು. ವಿಂಡೋಸ್ 95 ಸಾವಿರನೇ ಭಾಗಗಳನ್ನು 32 ಬಿಟ್‌ಗಳಲ್ಲಿ ಎಣಿಸಿ 49.7 ದಿನಕ್ಕೆ ಸ್ತಬ್ಧವಾಗುತ್ತಿತ್ತು. ಅಷ್ಟು ದಿನ ಅದು ಬೇರೆ ಕಾರಣಕ್ಕೆ ಕೆಡದೆ ಓಡುವುದೇ ಅಪರೂಪವಾಗಿದ್ದರಿಂದ ಆ ದೋಷ ಬೆಳಕಿಗೆ ಬರಲು ವರ್ಷಗಳೇ ಹಿಡಿದವು.

ಇಷ್ಟಾದರೂ ಎಣಿಸುತ್ತಿರುವ ವಸ್ತು ಸರಿಯಾಗಿದೆ ಎಂಬ ನಂಬಿಕೆ ನಮಗಿತ್ತಲ್ಲ, ಅದನ್ನು ಭೂಮಿಯೇ ಕೆಡಿಸಿತು. ಭೂಮಿ ತನ್ನ ಸುತ್ತ ತಾನು ತಿರುಗುವ ವೇಗ ಒಂದೇ ಸಮನಾಗಿಲ್ಲ, ಪರಮಾಣು ಗಡಿಯಾರ ಮಾತ್ರ ಒಂದೇ ಸಮ. ಚಾಂದ್ರಮಾನ ಸೌರಮಾನಗಳನ್ನು ಹೊಂದಿಸಲು ನಮ್ಮವರು ಅಧಿಕ ಮಾಸವನ್ನು ಇಟ್ಟಂತೆ, ಇವೆರಡನ್ನು ಹೊಂದಿಸಲು 1972ರಿಂದ ಈಚೆಗೆ 27 ಬಾರಿ ಅಧಿಕ ಸೆಕೆಂಡನ್ನು ಸೇರಿಸಿದ್ದಾರೆ. ಆದರೆ ಯೂನಿಕ್ಸಿನ ಲೆಕ್ಕದಲ್ಲಿ ಒಂದು ದಿನಕ್ಕೆ 86,400 ಸೆಕೆಂಡು, ಒಂದು ಹೆಚ್ಚಲ್ಲ ಒಂದು ಕಡಿಮೆಯಲ್ಲ. ಅಧಿಕ ಸೆಕೆಂಡು ಬಂದಾಗ ಅದು ಅದನ್ನು ಎಣಿಸದೆ ಹಿಂದಿನ ಸಂಖ್ಯೆಯನ್ನೇ ಇನ್ನೊಮ್ಮೆ ಹೇಳುತ್ತದೆ. ಹಾಗಾಗಿ, 1970ರಿಂದ ಕಳೆದ ಸೆಕೆಂಡುಗಳ ಎಣಿಕೆ ಎಂದು ನಾನು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಅದರಲ್ಲಿ ಈ 27 ಇಲ್ಲ.

ಗ್ರೀನಿಚ್ ಕಾಲಮಾನದ ನಡುರಾತ್ರಿಗೆ ಸೇರಿಸುವ ಆ ಸೆಕೆಂಡು ನಮ್ಮಲ್ಲಿ ಹಾಲು ಬರುವ ಹೊತ್ತಿಗೆ, 5 ಗಂಟೆ 29 ನಿಮಿಷ 60ನೇ ಸೆಕೆಂಡು ಎಂಬ ವಿಚಿತ್ರ ವೇಷದಲ್ಲಿ ಬರುತ್ತದೆ. 2012ರ ಜುಲೈ 1ರ ಬೆಳಗಿನ ಜಾವ ನನ್ನ ಪಾಳಿಯಿತ್ತು. ಐದೂವರೆ ದಾಟಿದ್ದೇ ತಡ, ಮಾಡಲು ಏನೂ ಕೆಲಸವಿಲ್ಲದ ಸರ್ವರುಗಳ ಪ್ರೊಸೆಸರುಗಳೆಲ್ಲ ನೂರಕ್ಕೆ ನೂರು ಓಡತೊಡಗಿದವು; ಫ್ಯಾನುಗಳ ಸದ್ದಿಗೆ ಕೊಠಡಿಯೇ ಗುಂಯ್‌ಗುಟ್ಟಿತು. ಲಿನಕ್ಸಿನ ತಿರುಳಾದ ಕರ್ನಲ್ಲಿನ ಒಳಗಿನ ಒಂದು ಗಡಿಯಾರ ಆ ಸೆಕೆಂಡನ್ನು ಒಪ್ಪಿಕೊಂಡಿತ್ತು, ಇನ್ನೊಂದು ಒಪ್ಪಿಕೊಂಡಿರಲಿಲ್ಲ. ಇವೆರಡರ ನಡುವೆ ಸಿಕ್ಕ ಪ್ರೋಗ್ರಾಮುಗಳು ಮಲಗಲು ಹೋಗಿ ತಕ್ಷಣ ಎದ್ದು, ಮತ್ತೆ ಮಲಗಿ ಮತ್ತೆ ಏಳುತ್ತಿದ್ದವು. ಅಂದು ರೆಡಿಟ್ ಸೇರಿದಂತೆ ಹಲವು ತಾಣಗಳು ಮುಗ್ಗರಿಸಿದ್ದನ್ನು ಆಮೇಲೆ ಓದಿದೆ. ಚಿಕಿತ್ಸೆ ಒಂದೇ ಸಾಲಿನದಾಗಿತ್ತು: ಈಗಿನ ಸಮಯವನ್ನು ಓದಿ ಅದೇ ಸಮಯವನ್ನು ಮತ್ತೆ ಯಂತ್ರಕ್ಕೆ ಹೇಳುವುದು. ಮಂಕು ಕವಿದವರನ್ನು ಅವರದೇ ಹೆಸರು ಹಿಡಿದು ಕೂಗಿದಂತೆ. ನಾಲ್ಕೂವರೆ ವರ್ಷದ ಮೇಲೆ, 2017ರ ಹೊಸವರ್ಷದ ಅಧಿಕ ಸೆಕೆಂಡಿಗೆ ಎಡವಿದ್ದು ಜಾಲತಾಣಗಳ ಸಂಚಾರವನ್ನು ನಿಭಾಯಿಸುವ ಕ್ಲೌಡ್‌ಫ್ಲೇರ್ ಕಂಪೆನಿ. ಕಾಲ ಹಿಂದಕ್ಕೆ ಹೋಗಲಾರದೆಂದು ನಂಬಿ ಬರೆದಿದ್ದ ಕೋಡು ಎರಡು ಸಮಯಗಳ ವ್ಯತ್ಯಾಸ ಋಣವಾದುದನ್ನು ಕಂಡು ಕುಸಿಯಿತು. ಅದಾದ ಮೇಲೆ ಅಧಿಕ ಸೆಕೆಂಡು ಬಂದಿಲ್ಲ. 2022ರ ನವೆಂಬರಿನಲ್ಲಿ ತೂಕ ಮತ್ತು ಅಳತೆಗಳ ಮಹಾಸಮ್ಮೇಳನ, 2035ರೊಳಗೆ ಈ ಪದ್ಧತಿಯನ್ನು ಸಡಿಲಿಸಬೇಕೆಂದು ನಿರ್ಣಯಿಸಿತು. ಸೂರ್ಯನಿಗೂ ಗಡಿಯಾರಕ್ಕೂ ನಡುವೆ ಸ್ವಲ್ಪ ಅಂತರ ಬೆಳೆಯಲಿ, ಕಂಪ್ಯೂಟರುಗಳಿಗೆ ನೆಮ್ಮದಿಯಿರಲಿ ಎಂಬುದು ಅದರ ಸಾರ.

ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ, ಚಂದ್ರಯಾನದ ಸಂಕೇತಗಳನ್ನು ಹಿಡಿದ ದೊಡ್ಡ ಆಂಟೆನಾ ಇರುವ ಆವರಣದಲ್ಲೇ, ಜಿಪಿಎಸ್‌ನಂತೆ ಸ್ಥಳ ತೋರಿಸುವ ಇಸ್ರೋದ ನಾವಿಕ್ ಉಪಗ್ರಹಗಳಿಗೆ ಕಾಲವನ್ನು ಕಾಯುವ ಪರಮಾಣು ಗಡಿಯಾರಗಳಿವೆ. ಅಲ್ಲಿಯ ಎಣಿಕೆ ಶುರುವಾಗುವುದು 1999ರ ಆಗಸ್ಟ್ 22ರಿಂದ. ಮೊದಲ ಉಪಗ್ರಹ ಹಾರಿದ್ದೇ 2013ರ ಜುಲೈ 1ರಂದು. ಹದಿನಾಲ್ಕು ವರ್ಷ ಹಿಂದಿನ ದಿನವೊಂದನ್ನು ಸೊನ್ನೆಯಾಗಿ ಏಕೆ ಹಿಡಿದರು ಎಂಬುದಕ್ಕೆ ಸುಳಿವು ಜಿಪಿಎಸ್‌ನಲ್ಲಿದೆ. ಜಿಪಿಎಸ್ 1980ರ ಜನವರಿ 6ರಿಂದ ವಾರಗಳನ್ನು ಎಣಿಸುತ್ತದೆ, ಅದಕ್ಕಿರುವ ಪಾತ್ರೆ 10 ಬಿಟ್‌ಗಳದ್ದು, 1024 ವಾರಕ್ಕೆ ಅದು ತುಂಬಿ ಸೊನ್ನೆಯಾಗುತ್ತದೆ. ಮೊದಲ ಬಾರಿ ಹಾಗಾದದ್ದು 1999ರ ಅದೇ ಆಗಸ್ಟ್ ನಡುರಾತ್ರಿ. ನಾವಿಕ್‌ನ ವಾರಕ್ಕೂ 10 ಬಿಟ್‌ಗಳೇ, ಹೀಗಾಗಿ ಎರಡೂ 2019ರ ಏಪ್ರಿಲ್‌ನಲ್ಲಿ ಒಟ್ಟಿಗೇ ಸುತ್ತಿದವು, 2038ರ ನವೆಂಬರಿನಲ್ಲಿ ಮತ್ತೆ ಒಟ್ಟಿಗೇ ಸುತ್ತುತ್ತವೆ. ಎಷ್ಟನೆಯ ಸುತ್ತು ಎಂಬುದನ್ನು ಉಪಗ್ರಹ ಹೇಳುವುದಿಲ್ಲ, ಕೇಳುವ ಯಂತ್ರವೇ ನೆನಪಿಟ್ಟುಕೊಳ್ಳಬೇಕು. ಗಣೇಶ ದೈವಜ್ಞನ ಚಕ್ರ ಇಲ್ಲಿ ಉಪಗ್ರಹವೇರಿದೆ.

2038ಕ್ಕೆ ಈ ನವೆಂಬರಿಗಿಂತ ಮೊದಲು ಒಂದು ಜನವರಿಯಿದೆ. ಆ ವರ್ಷ ಜನವರಿ 19ರ ಮಂಗಳವಾರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಬೆಂಗಳೂರಿನ ಅರ್ಧ ಜನ ಟ್ರಾಫಿಕ್ಕಿನಲ್ಲಿ ನಿಂತಿರುವಾಗ, 31 ಮನೆಗಳೂ ತುಂಬುತ್ತವೆ. ಮರುಸೆಕೆಂಡಿಗೆ ಧನ ಋಣದ ಮನೆಗೆ ಒಂದು ಬಿದ್ದು, ತಿದ್ದದೆ ಉಳಿದ ಯಂತ್ರಗಳಿಗೆ ಅದು 1901ರ ಡಿಸೆಂಬರ್ ಆಗುತ್ತದೆ. ದೊಡ್ಡ ಯಂತ್ರಗಳು ಬಹುಮಟ್ಟಿಗೆ ಈಗಾಗಲೇ 64 ಬಿಟ್‌ಗಳ ಪಾತ್ರೆಗೆ ಬದಲಾಗಿವೆ. ಅದು ತುಂಬಲು ಸುಮಾರು 29,200 ಕೋಟಿ ವರ್ಷ ಬೇಕು. 32 ಬಿಟ್‌ಗಳ ಸಣ್ಣ ಯಂತ್ರಗಳಲ್ಲೂ ಲಿನಕ್ಸ್ 2020ರ 5.6ನೇ ಆವೃತ್ತಿಯಿಂದ ದೊಡ್ಡ ಎಣಿಕೆಯನ್ನು ಇಟ್ಟುಕೊಳ್ಳಬಲ್ಲದು. ನನ್ನ ಚಿಂತೆ ಕರ್ನಲ್ಲಿನದ್ದಲ್ಲ. ಯಾವುದೋ ಪಂಪ್‌ಹೌಸಿನ ಗೋಡೆಯಲ್ಲಿ ಹುದುಗಿ, ಅದನ್ನು ಮಾಡಿದ ಕಂಪೆನಿಯೇ ಮುಚ್ಚಿಹೋಗಿ, ಒಳಗೊಂದು ಕಂಪ್ಯೂಟರಿದೆ ಎಂಬುದೇ ಮರೆತುಹೋದ ಪೆಟ್ಟಿಗೆಗಳ ಬಗ್ಗೆ, ಮತ್ತು ನನ್ನಂಥವರು ಬರೆದ ಕೋಡಿನ ಬಗ್ಗೆ.

2004ರಲ್ಲಿ ವಿಮಾ ಪಾಲಿಸಿಗಳ ಒಂದು ತಂತ್ರಾಂಶದಲ್ಲಿ, ಜೀವನಪರ್ಯಂತ ಎಂಬ ಅವಧಿಗೆ ಮುಕ್ತಾಯದ ದಿನಾಂಕವೊಂದನ್ನು ಹಾಕಬೇಕಾಗಿತ್ತು. ಆ ಕಾಲಮ್ಮು ಖಾಲಿಯಿರುವಂತಿಲ್ಲ ಎಂಬ ನಿಯಮವಿತ್ತು. 2099 ಎಂದು ಹಾಕಿದೆ, ಪರೀಕ್ಷೆಯಲ್ಲಿ ಅದು 1960ರ ದಶಕಕ್ಕೆ ಬಿತ್ತು. 2040 ಎಂದು ಹಾಕಿದೆ, ಅದೂ ಹಿಂದಿನ ಶತಮಾನಕ್ಕೆ ಬಿತ್ತು. ಕೊನೆಗೆ 2037ರ ಡಿಸೆಂಬರ್ 31 ಎಂದು ಹಾಕಿದಾಗ ಪರೀಕ್ಷೆ ಹಸಿರಾಯಿತು, ನಾನು ಊಟಕ್ಕೆ ಹೋದೆ. ನನಗಾಗ ಇಪ್ಪತ್ತೈದು, ಮೂವತ್ತಮೂರು ವರ್ಷ ಮುಂದಿನ ದಿನವೆಂದರೆ ನನ್ನ ವಯಸ್ಸಿಗಿಂತ ದೂರದ್ದು. ಹೆಡ್‌ಮಾಸ್ತರರು ಜೂನ್ 1 ಬರೆದ ಹಾಗೆ ನಾನೂ ಒಂದು ದಿನಾಂಕ ಬರೆದಿದ್ದೆ ಎಂಬುದು ಅಮ್ಮನಿಗೆ ಫೋನಿನಲ್ಲಿ ವಿವರಿಸುತ್ತಿದ್ದಾಗಲೇ ಹೊಳೆದದ್ದು.

ಆ ತಂತ್ರಾಂಶ ಎರಡು ಸಲ ಕೈ ಬದಲಾಯಿಸಿ ಇಂದಿಗೂ ಓಡುತ್ತಿದೆ. ಅದನ್ನು ಈಗ ನೋಡಿಕೊಳ್ಳುತ್ತಿರುವ ಹುಡುಗನೊಬ್ಬ ಹಳೆಯ ಪರಿಚಯದವರಿಂದ ನನ್ನ ನಂಬರು ಪಡೆದು, "ಸರ್, ಪಾಲಿಸಿಗಳೆಲ್ಲ 2037ರ ಕೊನೆಯ ದಿನವೇ ಮುಗಿಯುತ್ತವಲ್ಲ, ಇದಕ್ಕೆ ಏನಾದರೂ ಕಾನೂನಿನ ಕಾರಣ ಇದೆಯಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದ. ಇಲ್ಲಪ್ಪ, ಅಂದು ನನಗೆ ಹಸಿವಾಗಿತ್ತು ಎಂದು ಹೇಳಲು ಬಾಯಿ ಬರಲಿಲ್ಲ. ನೆನಪಿದ್ದ ಮಟ್ಟಿಗೆ ಆ ದಿನಾಂಕ ಎಲ್ಲೆಲ್ಲಿ ಇರಬಹುದು ಎಂದು ಹನ್ನೊಂದು ಫೈಲುಗಳ ಹೆಸರನ್ನು ಬರೆದು ಕಳುಹಿಸಿದೆ. ಮರುದಿನ ಆತ ಇನ್ನೂ ನಾಲ್ಕು ಕಡೆ ಸಿಕ್ಕಿತೆಂದು ಬರೆದ.

ಅಮ್ಮನ ರಸೀದಿಗೆ ಬದಲಾಗಿ ಸರಿಯಾದ ದಿನಾಂಕವಿರುವ ಇನ್ನೊಂದನ್ನು ಕೌಂಟರಿನಲ್ಲಿ ಕೊಟ್ಟರಂತೆ. ಹಳೆಯದನ್ನು ವಾಪಸು ಕೇಳಿದರೂ ಆಕೆ ಕೊಡದೆ ಬಂದಿದ್ದಾಳೆ. ಎರಡೂ ಈಗ ಡಬ್ಬಿಯಲ್ಲಿವೆ, ಒಂದು ಪಿನ್ನಿಗೆ ಸಿಕ್ಕಿಸಿ.